‘ಮಾಜಿ’ ಅಕ್ಷರದ ಸೈಜು

ನಾನು ಫ್ಲೆಕ್ಸ್ ಡಿಸೈನ್ ಮಾಡುವವನು. ಬಳ್ಳಾರಿಯಲ್ಲಿ, ಇನ್ನೊಬ್ಬರ ಅಂಗಡಿಯಲ್ಲಿ. ಹುಟ್ಟುಹಬ್ಬ, ಗೃಹಪ್ರವೇಶ, ಭಾವಪೂರ್ಣ ಶ್ರದ್ಧಾಂಜಲಿ, ಕನಕದುರ್ಗಮ್ಮನ ಸಿಡಿಬಂಡಿಗೆ ಬರುವವರಿಗೆ ಸ್ವಾಗತ, ಎಲ್ಲಾ ನನ್ನ ಕೈಯಲ್ಲೇ ಆಗುತ್ತವೆ. ಒಂದೇ ಮನುಷ್ಯನಿಗೆ ಹುಟ್ಟುಹಬ್ಬದ ಫ್ಲೆಕ್ಸೂ ಮಾಡಿ, ಮೂರು ತಿಂಗಳಿಗೆ ಶ್ರದ್ಧಾಂಜಲಿ ಫ್ಲೆಕ್ಸೂ ಮಾಡಿದ್ದೇನೆ, ಅದೇ ಫೋಟೋ ಇಟ್ಟುಕೊಂಡು. ಈ ಕೆಲಸದಲ್ಲಿ ಯಾವುದೂ ಅಷ್ಟು ಬೇಗ ಮನಸ್ಸಿಗೆ ಹತ್ತುವುದಿಲ್ಲ. ಆದರೆ ಒಂದು ಶಬ್ದ ಟೈಪ್ ಮಾಡುವಾಗ ಮಾತ್ರ ಇವತ್ತಿಗೂ ಕೈ ತಡೆಯುತ್ತದೆ. ‘ಮಾಜಿ’.

ಇರುವುದು ಎರಡೇ ಅಕ್ಷರ. ಮಾಜಿ ಶಾಸಕರು, ಮಾಜಿ ಮಂತ್ರಿಗಳು ಇದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಐದು ವರ್ಷಕ್ಕೆ ಮತ್ತೆ ನಿಲ್ಲುತ್ತಾರೆ, ಗೆದ್ದರೆ ‘ಮಾಜಿ’ ತೆಗೆದು ಹಾಕು ಅನ್ನುತ್ತಾರೆ, ಅಷ್ಟೇ. ಪೇಚಾಟ ಎಲ್ಲಾ ಮಾಜಿ ಮೇಯರ್‌ಗಳದ್ದು. ಅವರಿಗೆ ‘ಮಾಜಿ’ ಹಾಕಲೇಬೇಕು, ಆದರೆ ಹಾಕಿದ್ದು ಕಾಣಬಾರದು. ‘ಮಹಾಪೌರರು’ ಅನ್ನುವುದು ದಪ್ಪಗೆ, ಕೆಂಪಗೆ, ಬಿಳಿ ಅಂಚು ಕೊಟ್ಟು ಎದ್ದು ಕಾಣಬೇಕು. ಅದರ ಎಡಗಡೆ ತಲೆಯ ಮೇಲೆ ಇರುವೆ ಕೂತ ಹಾಗೆ ‘ಮಾಜಿ’. ಗೋಡೆಗೆ ಕಟ್ಟಿದ ಮೇಲೆ ರಸ್ತೆಯಿಂದ ನೋಡಿದರೆ ಅದು ಸೊಳ್ಳೆ ಹೊಡೆದ ಕಲೆ ಥರ ಇರುತ್ತದೆ.

ಈ ವಿದ್ಯೆ ನನಗೆ ಕಲಿಸಿದ್ದು ಒಬ್ಬ ಅಣ್ಣ. ಹೆಸರು, ಪಕ್ಷ, ವಾರ್ಡು, ವರ್ಷ ಯಾವುದೂ ಹೇಳುವುದಿಲ್ಲ. ಹೇಳದಿದ್ದರೂ ನೀವು ಅವರೋ ಇವರೋ ಅಂತ ಊಹೆ ಮಾಡುತ್ತೀರಿ, ಮಾಡಿ. ಒಂದೇ ವರ್ಷದ ಕುರ್ಚಿ ಆದ್ದರಿಂದ ಊರಲ್ಲಿ ಮಾಜಿಗಳಿಗೆ ಬರ ಇಲ್ಲ. “ತಮ್ಮಾ, ಮಾಜಿ ಅನ್ನೋದು ಐತೆಲ್ಲ, ಅದು ಉಪ್ಪಿದ್ದಂಗ ಇರ್ಬೇಕು ನೋಡು. ಹಾಕೀವಿ ಅಂತ ಗೊತ್ತಾಗ್ಬೇಕು, ಬಾಯಿಗೆ ಸಿಗಬಾರದು,” ಅಂದಿದ್ದರು ಅವರು. ಅವರ ನಗು ಚೆನ್ನಾಗಿತ್ತು. ಫೋಟೋ ಕಟಿಂಗ್ ಮಾಡುವವರಿಗೆ ಹಲ್ಲು ಕಾಣುವ ನಗು ಅಂದರೆ ಇಷ್ಟ, ಹಿಂದೆ ಯಾವ ಬಣ್ಣ ಕೊಟ್ಟರೂ ಹೊಂದುತ್ತದೆ.

ರೌಂಡ್ ಫೋಟೋಗಳು

ಫ್ಲೆಕ್ಸ್ ನೋಡುವವರಿಗೆ ಅದೊಂದು ಬಣ್ಣದ ಗಲಾಟೆ. ಮಾಡುವವರಿಗೆ ಅದು ಜಾತಕ. ಮೇಲುಗಡೆ ಸಣ್ಣ ರೌಂಡ್‌ಗಳಲ್ಲಿ ದೆಹಲಿಯವರು, ಆಮೇಲೆ ಬೆಂಗಳೂರಿನವರು, ಆಮೇಲೆ ಜಿಲ್ಲಾ ಮಂತ್ರಿ. ಒಂದು ಬದಿಗೆ ಪೂರ್ತಿ ಆಳೆತ್ತರ ಶಾಸಕರು. ಕೆಳಗೆ ‘ಶುಭ ಕೋರುವವರು’ ಅಂತ ಇಪ್ಪತ್ತು ಪಾಸ್‌ಪೋರ್ಟ್ ಫೋಟೋ. ರೌಂಡ್‌ನ ಸಾಲಿನಲ್ಲಿ ಯಾರು ಎಷ್ಟನೆಯವರು ಅನ್ನುವುದರ ಮೇಲೆ ಸಂಬಂಧಗಳು ಕೆಟ್ಟಿವೆ. ಒಬ್ಬರ ಫೋಟೋ ಬಿಟ್ಟುಹೋಗಿದ್ದಕ್ಕೆ ರಾತ್ರಿ ಒಂದು ಗಂಟೆಗೆ ಅಂಗಡಿ ಶಟರ್ ಬಡಿದಿದ್ದಾರೆ.

ಅಣ್ಣ ಮೇಯರ್ ಆದ ದಿನ ಇಪ್ಪತ್ತು ಅಡಿ ಹತ್ತು ಅಡಿ ಫ್ಲೆಕ್ಸ್ ಮಾಡಿದ್ದೆ. ಗೌನ್ ತೊಟ್ಟು, ಕೈ ಮುಗಿದು ನಿಂತ ಫೋಟೋ. ಚೆನ್ನಾಗಿ ಬಂದಿತ್ತು, ಅದಕ್ಕೇ ಸ್ವಲ್ಪ ದೊಡ್ಡದು ಮಾಡಿದ್ದೆ. ಕಟ್ಟಿ ಎರಡು ತಾಸು ಆಗಿಲ್ಲ, ಯಾರಿಂದಲೋ ಫೋನ್. ಅದೇ ಪಕ್ಷದ ದೊಡ್ಡವರ ಕಡೆಯವರು. “ಮೇಯರ್ ದೊಡ್ಡಾವರೋ, ಸಾಹೇಬ್ರು ದೊಡ್ಡಾವರೋ? ಅಳತಿ ಟೇಪು ಇಲ್ಲೇನ್ ನಿಮ್ಮ ಅಂಗಡ್ಯಾಗ?” ಮಾಲೀಕರು ನನ್ನನ್ನು ನೋಡಿದರು, ನಾನು ಕೀಬೋರ್ಡ್ ನೋಡಿದೆ. ಆ ರಾತ್ರಿಯೇ ಹೊಸದು ಪ್ರಿಂಟ್ ಹಾಕಬೇಕಾಯಿತು. ಅಣ್ಣನೇ ಬಂದಿದ್ದರು, ಹಾರದ ಹೂವಿನ ಎಸಳು ಇನ್ನೂ ಕಾಲರ್‌ನಲ್ಲಿ ಸಿಕ್ಕಿಕೊಂಡಿತ್ತು. ಸಿಟ್ಟು ಮಾಡಲಿಲ್ಲ. “ನಂದು ಸಣ್ಣದು ಮಾಡಪಾ. ನಗ್ತಾ ಇದೀನಲ್ಲ, ಅದೊಂದು ಕಂಡ್ರ ಸಾಕು,” ಅಂದರು. ನಾನು ಕಾಲು ಭಾಗ ಕಮ್ಮಿ ಮಾಡಿದೆ. ಅವರು ಸ್ಕ್ರೀನ್ ನೋಡುತ್ತಾ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂದರು.

ಊರಿಗೆ ಮೊದಲ ಪ್ರಜೆ ಅನ್ನುತ್ತಾರೆ ಮೇಯರ್‌ಗೆ. ಆದ ದಿನವೇ ತನ್ನನ್ನು ತಾನು ಸಣ್ಣದು ಮಾಡಿಕೊಳ್ಳುವುದನ್ನು ಅವತ್ತು ಪಕ್ಕದಲ್ಲೇ ಕೂತು ನೋಡಿದೆ.

ಒಂದು ವರ್ಷದ ಗೌನು

ನಮ್ಮ ಪಾಲಿಕೆಯಲ್ಲಿ 39 ವಾರ್ಡು. 2021ರ ಏಪ್ರಿಲ್‌ನಲ್ಲಿ, ಕೊರೊನಾ ಎರಡನೇ ಅಲೆ ಮೈಮೇಲೆ ಬಂದಿದ್ದಾಗ, ಮಾಸ್ಕ್ ಹಾಕಿಕೊಂಡು ಓಟು ಹಾಕಿದ್ದು ನೆನಪಿರಬಹುದು. ಕಾಂಗ್ರೆಸ್‌ಗೆ 21, ಬಿಜೆಪಿಗೆ 13, ಪಕ್ಷೇತರರಿಗೆ 5. ಗೆದ್ದವರ ಫ್ಲೆಕ್ಸ್ ಬಿಸಿಲಿಗೆ ಬಣ್ಣ ಹೋಗಿ, ಹರಿದು, ದನದ ಕೊಟ್ಟಿಗೆಗೆ ಹೊದಿಕೆ ಆದರೂ ಮೇಯರ್ ಆಯ್ಕೆ ಆಗಿರಲಿಲ್ಲ. ಆಗಿದ್ದು 2022ರ ಮಾರ್ಚ್‌ನಲ್ಲಿ. ಆಮೇಲೆ ವರ್ಷಕ್ಕೊಬ್ಬರು. ಕುರ್ಚಿ ಈ ಸಲ ಯಾವ ವರ್ಗಕ್ಕೆ ಅನ್ನುವುದು ಮೀಸಲಾತಿ ಪಟ್ಟಿ ಬಂದಾಗಲೇ ಗೊತ್ತಾಗುವುದು. ಪಟ್ಟಿ ಬಂದ ರಾತ್ರಿ ಒಬ್ಬರ ಮನೆಯಲ್ಲಿ ಪಟಾಕಿ, ಇನ್ನೊಬ್ಬರ ಮನೆಯಲ್ಲಿ ಬೇಗ ಲೈಟು ಆಫ್.

ಈ ಮೀಸಲಾತಿಯನ್ನು ಬೈಯುವವರ ಜೊತೆ ನಾನು ಇಲ್ಲ. ಅದು ಇಲ್ಲದಿದ್ದರೆ ಆ ಕುರ್ಚಿ ನಾಲ್ಕು ಮನೆತನ ಬಿಟ್ಟು ಹೊರಗೆ ಬರುತ್ತಿರಲಿಲ್ಲ. 2023ರಲ್ಲಿ ಡಿ. ತ್ರಿವೇಣಿ ಮೇಯರ್ ಆದಾಗ ಅವರಿಗೆ 23 ವರ್ಷ. ಅವರ ಅಭಿನಂದನೆ ಫ್ಲೆಕ್ಸ್‌ಗಳು ಊರ ತುಂಬ ಇದ್ದವು. ಅವತ್ತು ನಮ್ಮ ಅಂಗಡಿಗೆ ಬಿಎಡ್ ಅಸೈನ್‌ಮೆಂಟ್ ಪ್ರಿಂಟ್ ತೆಗೆಸಲು ಬಂದ ಹುಡುಗಿಯರು ಬಾಗಿಲಲ್ಲಿ ನಿಂತು ಸುಮ್ನೆ ನೋಡುತ್ತಿದ್ದರು. ನನ್ನ ತಕರಾರು ವರ್ಷದ ಲೆಕ್ಕದ ಮೇಲೆ. ಒಂದು ವರ್ಷದಲ್ಲಿ ಏನಾಗುತ್ತದೆ ಹೇಳಿ? ಮೊದಲ ಎರಡು ತಿಂಗಳು ಸನ್ಮಾನ, ಹಾರ, ಶಾಲು. ಕಡೆಯ ಎರಡು ತಿಂಗಳು ಮುಂದಿನವರು ಯಾರು ಅನ್ನುವ ಗುಸುಗುಸು. ನಡುವೆ ಒಂದು ಬಜೆಟ್ಟು, ಒಂದು ದಸರಾ, ಒಂದು ಮಳೆಗಾಲ. ಕಡತಕ್ಕೆ ಸಹಿ ಹಾಕಿ ಕೆಲಸ ಮಾಡಿಸುವ ಅಧಿಕಾರ ಆಯುಕ್ತರದ್ದು. ಮೇಯರ್ ಸಭೆ ನಡೆಸುತ್ತಾರೆ. ಅವರನ್ನು ಆರಿಸುವಾಗ ಕಾರ್ಪೊರೇಟರ್‌ಗಳ ಜೊತೆ ಶಾಸಕರು, ಸಂಸದರೂ ಕೈ ಎತ್ತುತ್ತಾರೆ. ಜನ ನೇರವಾಗಿ ಆರಿಸಿದವರಲ್ಲ, ನಾಲ್ಕು ಜನ ಕೂತು ‘ಈ ಸಲ ಇವನಿಗೆ ಕೊಡೋಣ’ ಅಂದದ್ದಕ್ಕೆ ಬಂದವರು.

ಆದರೆ ಜನಕ್ಕೆ ಈ ಲೆಕ್ಕ ಬೇಕಿಲ್ಲ. ಬೆಳಗ್ಗೆ ಐದೂವರೆಗೆ ಅಣ್ಣನ ಫೋನ್ ಬಡಿದುಕೊಳ್ಳುತ್ತಿತ್ತು, “ಇವತ್ತು ನಮ್ಮ ಓಣಿಗೆ ನೀರು ಬರ್ತಾವೇನಣ್ಣಾ?” ಊರಿನ ಎಲ್ಲಾ ವಾಲ್ವ್‌ಮನ್‌ಗಳ ಹೆಸರು ಅವರಿಗೆ ಬಾಯಿಪಾಠ ಇತ್ತು. ಯಾರ ಮಗಳ ಮದುವೆ ಎಂದು, ಯಾರ ಮನೆಯ ಮುಂದಿನ ಚರಂಡಿ ಕಲ್ಲು ಒಡೆದಿದೆ, ಎಲ್ಲಾ ಗೊತ್ತು. ಶಾಸಕರಾಗಲು ಇದೇ ಅರ್ಹತೆ ಅಂತ ಅವರು ನಂಬಿದ್ದರು. ನಾನೂ ನಂಬಿದ್ದೆ ಅನ್ನಿ.

ಅವರ ಪಾಕೀಟಿನಲ್ಲಿ ಒಂದು ಪೇಪರ್ ಕಟಿಂಗ್ ಇತ್ತು, ಮಡಿಚಿ ಮಡಿಚಿ ಗೆರೆ ಬಿದ್ದದ್ದು. 2014ರದ್ದು, ದೇವೇಂದ್ರ ಫಡಣವೀಸ್ ಮಹಾರಾಷ್ಟ್ರದ ಮುಖ್ಯಮಂತ್ರಿ ಆದಾಗಿನದು. 1997ರಲ್ಲಿ ನಾಗಪುರದ ಮೇಯರ್ ಆದಾಗ ಆತನಿಗೆ 27 ವರ್ಷ, ಎರಡು ವರ್ಷಕ್ಕೆ ಶಾಸಕ. ಅಣ್ಣ ಬೇರೆ ಪಕ್ಷವೋ ಅದೇ ಪಕ್ಷವೋ, ಅದು ಮುಖ್ಯ ಅಲ್ಲ. “ನಾಗಪುರದಾಗ ಆಗತೈತಂದ್ರ ಬಳ್ಳಾರ್ಯಾಗ ಯಾಕ ಆಗಬಾರದು?” ಅನ್ನುತ್ತಿದ್ದರು. ಸ್ಟಾಲಿನ್ ಕಥೆಯನ್ನೂ ಹೇಳುತ್ತಿದ್ದರು, 1996ರಲ್ಲಿ ಚೆನ್ನೈ ಮೇಯರ್, 2021ರಲ್ಲಿ ಮುಖ್ಯಮಂತ್ರಿ. ಆತನನ್ನು ಚೆನ್ನೈ ಜನ ನೇರವಾಗಿ ಓಟು ಹಾಕಿ ಮೇಯರ್ ಮಾಡಿದ್ದರು, ಅಪ್ಪ ಆಗ ಮುಖ್ಯಮಂತ್ರಿ ಆಗಿದ್ದರು ಅನ್ನುವ ಎರಡು ಸಂಗತಿಗಳನ್ನು ಅಣ್ಣ ಯಾವಾಗಲೂ ನುಂಗಿಬಿಡುತ್ತಿದ್ದರು. ಹತ್ತಿರದ ಉದಾಹರಣೆ ನಾನು ಕೊಟ್ಟರೆ ಅವರಿಗೆ ಹಿಡಿಸುತ್ತಿರಲಿಲ್ಲ. ಬೆಂಗಳೂರಿನಲ್ಲಿ 2018ರಲ್ಲಿ ಮಾಜಿ ಮೇಯರ್ ಪದ್ಮಾವತಿ ರಾಜಾಜಿನಗರದಲ್ಲಿ ನಿಂತು ಸೋತರು. ಸಂಪತ್ ರಾಜ್ ಅಂತೂ ಮೇಯರ್ ಕುರ್ಚಿಯಲ್ಲಿ ಇರುವಾಗಲೇ ಸಿ.ವಿ. ರಾಮನ್ ನಗರದಲ್ಲಿ ನಿಂತು ಸೋತರು.

ಇರುವುದು ಒಂದು ಬಾಗಿಲು

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಗಂಟಿದೆ. 2021ರಲ್ಲಿ ವಿಜಯನಗರ ಬೇರೆ ಆದ ಮೇಲೆ ಬಳ್ಳಾರಿಗೆ ಉಳಿದದ್ದು ಐದು ವಿಧಾನಸಭಾ ಕ್ಷೇತ್ರ. ಸಿರುಗುಪ್ಪ, ಕಂಪ್ಲಿ, ಸಂಡೂರು, ಬಳ್ಳಾರಿ ಗ್ರಾಮೀಣ, ನಾಲ್ಕೂ ಪರಿಶಿಷ್ಟ ಪಂಗಡಕ್ಕೆ ಮೀಸಲು. ಲೋಕಸಭಾ ಕ್ಷೇತ್ರವೂ ಅಷ್ಟೇ. ಸಾಮಾನ್ಯ ಕ್ಷೇತ್ರ ಅಂತ ಇರುವುದು ಬಳ್ಳಾರಿ ನಗರ ಒಂದೇ. ಆ ಒಂದು ಬಾಗಿಲಲ್ಲಿ ಎಂಥೆಂಥವರು ನಿಂತಿದ್ದಾರೆ ಅಂತ ನಿಮಗೆ ನಾನು ಹೇಳಬೇಕಾ? ಗಣಿ ಧೂಳು ಏಳುತ್ತಿದ್ದ ಕಾಲದಿಂದ ನೋಡಿದ್ದೀರಿ. 2023ರಲ್ಲಂತೂ ಒಂದೇ ಮನೆತನದ ಮೈದುನ, ಅತ್ತಿಗೆ ಇಬ್ಬರೂ ಬೇರೆ ಬೇರೆ ಪಕ್ಷದಿಂದ ನಿಂತರು, ಗೆದ್ದದ್ದು ಮೂರನೆಯವರು. ಇಂಥ ಕಡೆ, ವಾಲ್ವ್‌ಮನ್ ಹೆಸರು ಗೊತ್ತಿರುವವನು ಟಿಕೆಟ್ ಕೇಳಲು ಹೋಗುವುದು ಅಂದರೆ ಸೈಕಲ್ ತಗೊಂಡು ಲಾರಿ ಸಾಲಿನಲ್ಲಿ ನಿಂತ ಹಾಗೆ.

ವಿಧಾನ ಪರಿಷತ್ತು ಇದೆಯಲ್ಲ ಅನ್ನಬಹುದು. ಸ್ಥಳೀಯ ಸಂಸ್ಥೆಗಳ ಕ್ಷೇತ್ರ, ಕಾರ್ಪೊರೇಟರ್‌ಗಳೂ ಮತದಾರರು. ಆದರೆ ಅಲ್ಲಿ ಓಟಿನ ರಾಶಿ ಇರುವುದು ಗ್ರಾಮ ಪಂಚಾಯಿತಿ ಸದಸ್ಯರ ಹತ್ತಿರ. ಪಾಲಿಕೆಯ 39 ಮಂದಿ ಅದರಲ್ಲಿ ಸಾಸಿವೆ. ನಗರದ ಮೇಯರ್‌ನ ಮುಖ ಹಳ್ಳಿಯವರಿಗೆ ಯಾಕೆ ಗೊತ್ತಿರಬೇಕು? ಇದು ನಮ್ಮೂರಿನ ತೊಂದರೆ ಮಾತ್ರ ಅಲ್ಲ. ನ್ಯೂಯಾರ್ಕ್‌ನಂಥ ನ್ಯೂಯಾರ್ಕ್ ನಗರದ ಮೇಯರ್‌ಗಳಲ್ಲಿ ಆ ರಾಜ್ಯದ ಗವರ್ನರ್ (ನಮ್ಮಲ್ಲಿ ಮುಖ್ಯಮಂತ್ರಿ ಇದ್ದ ಹಾಗೆ) ಆಗಿ ಗೆದ್ದ ಕೊನೆಯವರು ಹಾಫ್‌ಮನ್, 1868ರಲ್ಲಿ. 1982ರಲ್ಲಿ ಎಡ್ ಕಾಚ್ ಅನ್ನುವ ಮೇಯರ್ ಪ್ರಯತ್ನಪಟ್ಟರು, ಊರಲ್ಲಿ ಬಹಳ ಹೆಸರಿದ್ದವರು. ಅಷ್ಟರಲ್ಲಿ ಒಂದು ಪತ್ರಿಕೆಯ ಸಂದರ್ಶನದಲ್ಲಿ ಹಳ್ಳಿ ಬದುಕು, ಹೊರವಲಯದ ಬದುಕು ಎರಡನ್ನೂ ಹಗುರಾಗಿ ಆಡಿಬಿಟ್ಟರು. ಪಕ್ಷದ ಒಳಗಿನ ಚುನಾವಣೆಯಲ್ಲೇ ಸೋತು ಮತ್ತೆ ಮೇಯರ್ ಕುರ್ಚಿಗೆ ಬಂದು ಕೂತರು. ಇದನ್ನು ಮೊಬೈಲ್‌ನಲ್ಲಿ ಓದಿ ಅಣ್ಣನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. “ವಾಪಸ್ ಬಂದ್ರ ಕುರ್ಚಿ ಇತ್ತಾ ಆತಗ? ಪುಣ್ಯವಂತ.”

ನಗರಸಭೆಯಿಂದ ಮೇಲೆ ಹೋದವರು ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಶ್ರೀರಾಮುಲು ನಗರಸಭೆ ಸದಸ್ಯರಾಗಿ ಶುರು ಮಾಡಿದವರು, ಮಂತ್ರಿಯಾದರು. ಆದರೆ ಅವರು ಹತ್ತಿದ ಏಣಿ ಬೇರೆ. ಮೇಯರ್ ಕುರ್ಚಿಗೆ ಏಣಿ ಆನಿಸಿ ಹತ್ತಿದವರು ಯಾರಾದರೂ ಇದ್ದಾರಾ ಅಂತ ನಾನು, ಅಣ್ಣ ಒಗ್ಗರಣೆ ಮಿರ್ಚಿ ತಿನ್ನುತ್ತಾ ಬೆರಳು ಮಡಿಚಲು ಕೂತು, ಬೆರಳು ಹಾಗೇ ಉಳಿದು ಮಿರ್ಚಿ ಖಾಲಿ ಆಗಿತ್ತು. ಆ ಕುರ್ಚಿ ಕೊಡುವುದೇ ಮೇಲೆ ಬರಬೇಡ ಅನ್ನುವುದಕ್ಕೆ ಅಂತ ನನಗೆ ಈಗ ಅನ್ನಿಸುತ್ತದೆ. ಮಗುವಿಗೆ ಕೈಗೆ ಬಿಸ್ಕಿಟ್ ಕೊಟ್ಟು ಪಡಸಾಲೆಯಲ್ಲಿ ಕೂರಿಸುವುದಿಲ್ಲವಾ, ಹಾಗೆ.

ಹತ್ತು ಸಹಿ

ಒಂದು ವಿಧಾನಸಭಾ ಚುನಾವಣೆ. ನಾಮಪತ್ರಕ್ಕೆ ಕಡೇ ದಿನದ ಹಿಂದಿನ ರಾತ್ರಿ. ಅಣ್ಣ ಟಿಕೆಟ್ ಕೇಳಿದ್ದರು, ಎರಡು ಸಲ ಬೆಂಗಳೂರಿಗೆ ಹೋಗಿ ಬಂದಿದ್ದರು. ಬಿ ಫಾರಂ ಬೇರೆಯವರಿಗೆ ಅಂತ ಸಾಯಂಕಾಲ ಟಿವಿಯಲ್ಲಿ ಬಂತು. ಏಳು ಗಂಟೆಗೆ ನನಗೆ ಫೋನ್: “ಲ್ಯಾಪ್‌ಟಾಪು, ಪ್ರಿಂಟರ್ ತಗೊಂಡು ಮನಿಗೆ ಬಾ.” ಬಂಡಾಯ ನಿಲ್ಲುವುದು ಅಂತ ತೀರ್ಮಾನ ಆಗಿತ್ತು.

ಮನೆ ಮುಂದೆ ಶಾಮಿಯಾನ, ಅರವತ್ತು ಎಪ್ಪತ್ತು ಮಂದಿ. ಅಕ್ಕ, ಅಂದರೆ ಅಣ್ಣನ ಹೆಂಡತಿ, ಹಿತ್ತಲಲ್ಲಿ ಮದುವೆ ಪಾತ್ರೆಯಲ್ಲಿ ಚಹಾ ಕುದಿಸುತ್ತಿದ್ದರು. ಒಳಗೆ ದೇವರ ಕೋಣೆ ಪಕ್ಕದ ಟೇಬಲ್ಲಿನ ಮೇಲೆ ನಾನು ಪ್ರಿಂಟರ್ ಜೋಡಿಸಿದೆ. ಹೊರಗೆ ಒಬ್ಬ ಹುಡುಗ “ಜನರ ಅಭ್ಯರ್ಥಿ!” ಅಂತ ಕೂಗಿದ, ಉಳಿದವರು ಜೈ ಅಂದರು. ಆ ಎರಡು ಶಬ್ದ ಫ್ಲೆಕ್ಸ್‌ಗೆ ಚೆನ್ನಾಗಿರುತ್ತದೆ ಅಂತ ನಾನು ಆಗಲೇ ಹೊಸ ಫೈಲ್ ತೆಗೆದಿದ್ದೆ. ಕೆಲಸದ ಚಟ.

ವಕೀಲರೊಬ್ಬರು ಬಂದಿದ್ದರು. ಅವರು ಹೇಳಿದ ಮೇಲೆ ನನಗೆ ಮೊದಲ ಸಲ ಗೊತ್ತಾದದ್ದು: ಮಾನ್ಯತೆ ಇರುವ ಪಕ್ಷದ ಅಭ್ಯರ್ಥಿಯ ನಾಮಪತ್ರಕ್ಕೆ ಒಬ್ಬರು ಸೂಚಕರು ಸಾಕು. ಪಕ್ಷೇತರರಾದರೆ ಹತ್ತು ಮಂದಿ ಬೇಕು. ಹತ್ತೂ ಮಂದಿ ಅದೇ ಕ್ಷೇತ್ರದ ಮತದಾರರಾಗಿರಬೇಕು, ಮತದಾರರ ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೆದು ಸಹಿ ಹಾಕಬೇಕು. ಅವರ ಹೆಸರು ಚುನಾವಣಾಧಿಕಾರಿಯ ನೋಟಿಸ್ ಬೋರ್ಡಿಗೂ ಬೀಳುತ್ತದೆ. ಅಣ್ಣ ನಕ್ಕರು. “ಹತ್ತಾ? ಹೊರಗ ನೋಡ್ರಿ ವಕೀಲ್ರೇ, ಎಷ್ಟು ಹತ್ತು ಬೇಕು?”

ಮೊದಲ ಐದು ಸಹಿ ಹತ್ತು ನಿಮಿಷದಲ್ಲಿ ಆದವು. ಕೂಲಿ ಮಾಡುವವರು, ಇಬ್ಬರು ಆಟೋದವರು, ಒಬ್ಬ ನಿವೃತ್ತ ಮೇಷ್ಟ್ರು. ನಾನು ಪಟ್ಟಿಯಲ್ಲಿ ಹೆಸರು ಹುಡುಕಿ ನಂಬರ್ ಹೇಳುವುದು, ವಕೀಲರು ಬರೆಯುವುದು. ಆರನೆಯವರು ಒಬ್ಬ ಸಣ್ಣ ಗುತ್ತಿಗೆದಾರರು. ಪೆನ್ನು ಹಿಡಿದರು, ಫಾರಂ ಓದಿದರು, “ಬಿಲ್ ಪಾಸಾಗೋದು ಐತಣ್ಣಾ, ನಾ ಹಿಂದ ನಿಂತು ಮಾಡ್ತೀನಿ” ಅಂದು ಪೆನ್ನು ಟೇಬಲ್ಲಿನ ಮೇಲೆ ಇಟ್ಟರು, ಅದು ಉರುಳದಂತೆ ಒಂದು ಚೀಟಿಯನ್ನೂ ಅಡ್ಡ ಇಟ್ಟರು. ಇನ್ನೊಬ್ಬರಿಗೆ ಮಗಳ ವರ್ಗಾವಣೆ. ಇನ್ನೊಬ್ಬರು ಫೋನ್ ಬಂತು ಅಂತ ಹೊರಗೆ ಹೋದರು. ಆಮೇಲೆ ಕೌಲ್ ಬಜಾರ್‌ನವರು ಒಬ್ಬರು, “ನನ್ನ ಓಟು ಗ್ರಾಮೀಣದಾಗ ಐತಣ್ಣಾ, ನಡೆಂಗಿಲ್ಲ” ಅಂದರು. ಅದು ನಿಜವೇ. ಕೌಲ್ ಬಜಾರ್ ಪಾಲಿಕೆಗೆ ಸೇರಿದ್ದು, ವಿಧಾನಸಭೆಗೆ ಮಾತ್ರ ಗ್ರಾಮೀಣ ಕ್ಷೇತ್ರ. ಹೊರಗಿನವರು ಕೇಳಿದರೆ ನಗುತ್ತಾರೆ, ನಮಗೆ ರೂಢಿ. ಆದರೆ ಆ ಕಾರಣ ಒಬ್ಬರ ಬಾಯಿಂದ ಬಂದದ್ದೇ ತಡ, ಹೊರಗೆ ಹಬ್ಬಿತು. ಅರ್ಧ ತಾಸಿನಲ್ಲಿ ಗಾಂಧಿನಗರದವರದ್ದು, ಸತ್ಯನಾರಾಯಣ ಪೇಟೆಯವರದ್ದು, ಎಲ್ಲರ ಓಟೂ ಗ್ರಾಮೀಣಕ್ಕೆ ಹೋಗಿಬಿಟ್ಟಿತ್ತು.

ಹತ್ತೂವರೆಗೆ ಏಳು ಸಹಿ ಆಗಿತ್ತು. ಶಾಮಿಯಾನದಲ್ಲಿ ಕುರ್ಚಿಗಳು ಜಾಸ್ತಿ, ಜನ ಕಮ್ಮಿ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು, ಯಾರೂ ಕರೆಯದೆಯೇ ಎಂಟನೇ ಸಹಿ ಹಾಕಿದರು. ಆಗ ಅಣ್ಣ ನನ್ನ ಕಡೆ ತಿರುಗಿದರು. ಜೋರು ಮಾಡಲಿಲ್ಲ. “ನೀ ಹಾಕ್ತೀಯೇನಪಾ?”

ನಮ್ಮ ಅಂಗಡಿಗೆ ಎಲ್ಲಾ ಪಕ್ಷದ ಕೆಲಸ ಬರುತ್ತದೆ. ಚುನಾವಣೆ ಅಂದರೆ ನಮಗೆ ಎರಡು ವರ್ಷದ ಬಾಡಿಗೆ. ನನ್ನ ಹೆಸರು ನೋಟಿಸ್ ಬೋರ್ಡಿನಲ್ಲಿ ಕಂಡರೆ ಮಾಲೀಕರು ಬೆಳಗ್ಗೆ ಏನನ್ನುತ್ತಾರೆ ಅಂತ ಯೋಚನೆ ಮಾಡಿದೆ. ಇದೆಲ್ಲವನ್ನೂ ಹಾಗೆಯೇ ಹೇಳಬಹುದಿತ್ತು, ಗುತ್ತಿಗೆದಾರರು ಹೇಳಿದರಲ್ಲ. ನಾನು ಹೇಳಿದ್ದು, “ನನ್ನ ಓಟೂ ಗ್ರಾಮೀಣದಾಗ ಐತಣ್ಣಾ.”

ನಾನು ಅವರ ವಾರ್ಡಿನವನು. ಕಾರ್ಪೊರೇಷನ್ ಚುನಾವಣೆಯಲ್ಲಿ ನನ್ನ ಓಟಿನ ಚೀಟಿಯನ್ನು ಅವರೇ ಮನೆಗೆ ತಂದುಕೊಟ್ಟಿದ್ದರು. ಕಟ್ಟೆಯ ಮೇಲೆ ಕೂತು ಅಮ್ಮ ಕೊಟ್ಟ ಚಹಾ ಕುಡಿದು, “ಈ ಹುಡುಗಂದು ಬೆಳಗ್ಗೆ ಹಾಕಿಸಿಬಿಡ್ರಮ್ಮ, ಮಧ್ಯಾಹ್ನ ಅಂದ್ರ ಅಂಗಡ್ಯಾಗ ಇರ್ತಾನ” ಅಂದಿದ್ದರು. ನಮ್ಮ ಓಣಿ ನಗರ ಕ್ಷೇತ್ರ. ಅದು ಅವರಿಗೆ ಗೊತ್ತು. ನನ್ನ ಎದುರಿನ ಸ್ಕ್ರೀನಿನಲ್ಲಿ ತೆರೆದಿದ್ದ ಪಟ್ಟಿಯಲ್ಲೇ ನನ್ನ ಹೆಸರು ಇರುವ ಭಾಗವೂ ಇತ್ತು, ಇನ್ನೆರಡು ಪುಟ ಕೆಳಗೆ. ಅಣ್ಣ ನನ್ನ ಬೆನ್ನ ಹಿಂದೆ ನಿಂತಿದ್ದರು.

“ಹೌದಾ. ಹಂಗಾರ ಬಿಡಪಾ,” ಅಂದರು.

ಹನ್ನೊಂದೂವರೆಗೆ ಬೆಂಗಳೂರಿನಿಂದ ಫೋನ್ ಬಂತು. ಅಣ್ಣ ಮಾಳಿಗೆಗೆ ಹೋಗಿ ಇಪ್ಪತ್ತು ನಿಮಿಷ ಮಾತಾಡಿ ಇಳಿದರು. ಪಕ್ಷ ನಮಗೆ ತಾಯಿ ಇದ್ದ ಹಾಗೆ, ನಿಗಮ ಮಂಡಳಿ ಕೊಡುತ್ತೇವೆ ಅಂದಿದ್ದಾರೆ, ಎಲ್ಲರೂ ಮನೆಗೆ ಹೋಗಿ ಅಂದರು. ಉಳಿದ ಹತ್ತು ಹನ್ನೆರಡು ಮಂದಿ ಚಪ್ಪಾಳೆ ತಟ್ಟಿದರು. ಸಮಾಧಾನ ಆದವರ ಚಪ್ಪಾಳೆ ಅದು. ಎಂಟು ಸಹಿ ಇದ್ದ ಫಾರಂ ವಕೀಲರು ಮಡಿಚಿ ಅಕ್ಕನ ಕೈಗೆ ಕೊಟ್ಟರು. ನಾನು ‘ಜನರ ಅಭ್ಯರ್ಥಿ’ ಫೈಲ್ ಮುಚ್ಚಿದೆ. ಸೇವ್ ಮಾಡಲೇ ಅಂತ ಕಂಪ್ಯೂಟರ್ ಕೇಳಿತು, ಬೇಡ ಅಂದೆ.

ನಿಗಮ ಬರಲಿಲ್ಲ. ಅದನ್ನು ಬೇರೆ ಹೇಳಬೇಕಿಲ್ಲ, ಅಲ್ವಾ.

ಇಷ್ಟೆಲ್ಲ ಈಗ ಬರೆಯಲು ಕಾರಣ, ಮೊನ್ನೆ ಅಣ್ಣ ಅಂಗಡಿಗೆ ಬಂದಿದ್ದರು. ಜೊತೆಗೆ ಮಗ. ಮುಂದಿನ ಪಾಲಿಕೆ ಚುನಾವಣೆಗೆ ಅವನನ್ನು ನಿಲ್ಲಿಸುವ ಯೋಚನೆ, ಅದಕ್ಕೆ ಮೊದಲು ಅವನದೊಂದು ಹುಟ್ಟುಹಬ್ಬದ ಬ್ಯಾನರ್ ಬೇಕು. ಹುಡುಗನ ಫೋಟೋ ಪೆನ್‌ಡ್ರೈವ್‌ನಲ್ಲಿತ್ತು, ಕೂಲಿಂಗ್ ಗ್ಲಾಸ್ ಹಾಕಿದ್ದು. ನಾನು ಎಂದಿನಂತೆ ಅಣ್ಣನ ಫೋಟೋವನ್ನು ಆಳೆತ್ತರ ಪಕ್ಕಕ್ಕೆ ಇಟ್ಟೆ. “ನಂದು ಅಲ್ಲಿ ಬ್ಯಾಡ. ಮ್ಯಾಲೆ ರೌಂಡಿನಾಗ ಹಾಕು,” ಅಂದರು. ಹಾಕಿದೆ. ಹೆಸರಿನ ಕೆಳಗೆ ‘ಮಹಾಪೌರರು’ ಟೈಪ್ ಮಾಡಿ, ಎಡಗಡೆ ಸಣ್ಣ ಜಾಗದಲ್ಲಿ ‘ಮಾಜಿ’ ಕೂರಿಸಲು ಹೋದೆ. ರೌಂಡ್ ಸಣ್ಣದು, ಅಕ್ಷರ ಎಷ್ಟು ಇಳಿಸಿದರೂ ಕೂರುತ್ತಿರಲಿಲ್ಲ. ಅವರು ಕನ್ನಡಕ ಹಾಕಿಕೊಂಡು ನನ್ನ ಬೆನ್ನ ಹಿಂದೆ ಬಂದು ನಿಂತರು, ಅವತ್ತು 

ನಿಂತ ಹಾಗೇ.

“ನಿನ್ನ ಓಟು ಈಗ ಎಲ್ಲೈತಪಾ?”

ನಾನು ಸ್ಕ್ರೀನ್ ಬಿಟ್ಟು ತಿರುಗಲಿಲ್ಲ. “ನಗರದಾಗ ಐತಣ್ಣಾ.”

“ವರ್ಗಾ ಮಾಡಿಸಿದೇನು?”

“ಹೂಂ.”

“ಚಲೋ ಮಾಡಿದಿ,” ಅಂದರು. ಆಮೇಲೆ ಮಗನ ಕಡೆ ತಿರುಗಿ, ಈತನ ನಂಬರ್ ಬರಕೋ, ನಮ್ಮ ವಾರ್ಡಿನಾವ ಅಂದು, ಐನೂರು ಅಡ್ವಾನ್ಸ್ ಕೊಟ್ಟು, ಶುಕ್ರವಾರದೊಳಗೆ ಬ್ಯಾನರ್‌ಗೆ ಕಟ್ಟುವ ರಿಂಗ್ ಹೊಡೆದು ಇಟ್ಟಿರು ಅಂತ ಹೇಳಿ ಹೋದರು.